ಪದವಿಯಿಂದ ಉದ್ಯೋಗಕ್ಕೆ: ಒಂದು ಮಾರ್ಗದರ್ಶನ ಬೆಳೆದುಬಂದ ಬಗೆ

ಕಾಲೇಜುಗಳಲ್ಲಿ ಅಂತಿಮ ವರ್ಷದ ತರಗತಿಗಳು ಆರಂಭವಾಗುತ್ತಲೇ ಪಾಠಪ್ರವಚನಗಳ ಜೊತೆಜೊತೆಗೆ ಮತ್ತೊಂದು ಅಭ್ಯಾಸವೂ ಮೊದಲಾಗುತ್ತದೆ: ರೆಸ್ಯೂಮೆ ಬರೆಯುವುದು, ಆ್ಯಪ್ಟಿಟ್ಯೂಡ್ ಲೆಕ್ಕಗಳನ್ನು ಬಿಡಿಸುವುದು, ಗುಂಪು ಚರ್ಚೆಯಲ್ಲಿ ಮಾತನಾಡಲು ಕಲಿಯುವುದು, ಅಣಕು ಸಂದರ್ಶನಕ್ಕೆ ಕುಳಿತುಕೊಳ್ಳುವುದು. ಖಾಸಗಿ ಕಂಪನಿಗಳು ಕಾಲೇಜಿನ ಅಂಗಳಕ್ಕೆ ಕಾಲಿಟ್ಟ ಮೇಲೆಯೇ ಈ ಪದ್ಧತಿ ಹುಟ್ಟಿತೆಂದು ಅನೇಕರು ಭಾವಿಸಿರುವರು. ಆದರೆ ಓದು ಮುಗಿಸಿದ ತರುಣರಿಗೆ ಉದ್ಯೋಗದ ಸಮಾಚಾರವನ್ನೂ ಸಿದ್ಧತೆಯ ಸಲಹೆಯನ್ನೂ ಒದಗಿಸಿಕೊಡುವುದು ಪ್ರಭುತ್ವದ ಕರ್ತವ್ಯವೆಂಬ ವಿಚಾರವು ಸ್ವಾತಂತ್ರ್ಯದ ಮೊದಲ ದಶಕದಲ್ಲಿಯೇ ಸ್ಪಷ್ಟವಾದ ರೂಪವನ್ನು ತಾಳಿದ್ದಿತು. ಆ ರೂಪವನ್ನು ಕೊಟ್ಟವರಲ್ಲಿ ಅಗ್ರಗಣ್ಯರು ನಮ್ಮ ಮಂಗಳೂರಿನವರೇ ಆಗಿದ್ದರು.

ಈ ಕಥೆಯ ಮೂಲವಿರುವುದು ವಿದ್ಯಾಲಯದಲ್ಲಲ್ಲ, ಸೈನ್ಯದಲ್ಲಿ. ಎರಡನೆಯ ಮಹಾಯುದ್ಧವು ಮುಗಿಯುತ್ತ ಬಂದಾಗ, ಸೇನೆಯಿಂದ ಬಿಡುಗಡೆ ಹೊಂದಲಿದ್ದ ಅಸಂಖ್ಯಾತ ಯೋಧರಿಗೂ ಯುದ್ಧಕಾರ್ಯದ ಕಾರ್ಮಿಕರಿಗೂ ನಾಗರಿಕ ಜೀವನದಲ್ಲಿ ನೆಲೆ ಕಲ್ಪಿಸುವ ಸಲುವಾಗಿ 1945ರ ಜುಲೈಯಲ್ಲಿ ಅಂದಿನ ಭಾರತ ಸರ್ಕಾರವು ಪುನರ್ವಸತಿ ಮತ್ತು ಉದ್ಯೋಗ ಮಹಾನಿರ್ದೇಶನಾಲಯವನ್ನು ಸ್ಥಾಪಿಸಿತು. ದೇಶವಿಭಜನೆಯಾದಾಗ ನಿರಾಶ್ರಿತರ ಹೊಣೆಯೂ ಅದರ ಮೇಲೆ ಬಿದ್ದಿತು. 1948ರ ಆರಂಭದಲ್ಲಿ ಉದ್ಯೋಗ ವಿನಿಮಯ ಕೇಂದ್ರಗಳ ಬಾಗಿಲು ಎಲ್ಲ ಉದ್ಯೋಗಾಕಾಂಕ್ಷಿಗಳಿಗೂ ತೆರೆಯಿತು. ಹೀಗೆ ಯೋಧನಿಗಾಗಿ ಹಾಕಿದ ಮೇಜಿನ ಮುಂದೆ ಪದವೀಧರನೂ ಬಂದು ನಿಲ್ಲುವಂತಾಯಿತು.

ಈ ವ್ಯವಸ್ಥೆಯನ್ನು ಮುಂದುವರಿಸಬೇಕೆ, ಮುಂದುವರಿಸುವುದಾದರೆ ಯಾವ ಸ್ವರೂಪದಲ್ಲಿ ಎಂಬುದನ್ನು ವಿಚಾರಿಸಲು 1952ರಲ್ಲಿ ನೇಮಕವಾದ ಸಮಿತಿಗೆ ಬೆನಗಲ್ ಶಿವರಾಯರು ಅಧ್ಯಕ್ಷರಾದರು. ಮಂಗಳೂರಿನ ವೈದ್ಯರಾದ ರಾಘವೇಂದ್ರರಾಯರ ಪುತ್ರರೂ, ಸಂವಿಧಾನದ ಕರಡನ್ನು ಸಿದ್ಧಪಡಿಸುವಲ್ಲಿ ಸಲಹೆಗಾರರಾಗಿದ್ದ ಬಿ. ಎನ್. ರಾಯರ ಸೋದರರೂ ಆಗಿದ್ದ ಶಿವರಾಯರು, ಮದರಾಸಿನ ಕಾರ್ಮಿಕ ಚಳವಳಿಯ ಆರಂಭದ ದಿನಗಳಲ್ಲಿ ದುಡಿದವರು, ಪತ್ರಕರ್ತರು, ದಕ್ಷಿಣ ಕನ್ನಡದಿಂದ ಮೊದಲ ಲೋಕಸಭೆಗೆ ಆಯ್ಕೆಯಾಗಿ ಹೋದವರು. ಕೇಂದ್ರಗಳನ್ನು ಶಾಶ್ವತಗೊಳಿಸಿ, ದೈನಂದಿನ ಆಡಳಿತವನ್ನು ರಾಜ್ಯಗಳಿಗೆ ವಹಿಸಬೇಕೆಂದು ಅವರ ಸಮಿತಿಯು 1954ರಲ್ಲಿ ಸಲಹೆಯಿತ್ತಿತು. ಅದರೊಡನೆ, ಹೆಸರು ಬರೆದುಕೊಂಡು ಕಳುಹಿಸುವುದಷ್ಟೇ ಸಾಲದು, ಯುವಜನರಿಗೆ ವೃತ್ತಿ ಮಾರ್ಗದರ್ಶನವೂ ದೊರೆಯಬೇಕೆಂದು ಸೂಚಿಸಿತು. ಕನ್ನಡ ನಾಡು ಒಂದಾದ 1956ರ ನವೆಂಬರ್ 1ರಂದೇ ಈ ಕೇಂದ್ರಗಳ ಆಡಳಿತವೂ ರಾಜ್ಯಗಳ ಕೈಗೆ ಬಂದಿತು. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ವಿಶ್ವವಿದ್ಯಾಲಯಗಳೊಳಗೇ ಉದ್ಯೋಗ ಮಾಹಿತಿ ಮತ್ತು ಮಾರ್ಗದರ್ಶನ ಕೇಂದ್ರಗಳು ತಲೆಯೆತ್ತತೊಡಗಿದುವು. ತರುವಾಯ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಅವು ನೆಲೆಗೊಂಡುವು.

ಹೊರಗೆ ಜಿಲ್ಲಾಕೇಂದ್ರಗಳಲ್ಲಿ ಜನರ ಬಾಯಲ್ಲಿ ನಿಂತದ್ದು ಮಾತ್ರ ಉದ್ಯೋಗ ವಿನಿಮಯ ಕೇಂದ್ರದ ‘ಎಂಪ್ಲಾಯ್‌ಮೆಂಟ್ ಕಾರ್ಡು’. ಅಂಗೈಯಗಲದ ಆ ಕಾರ್ಡಿನಲ್ಲಿ ಅಭ್ಯರ್ಥಿಯ ಹೆಸರು, ನೋಂದಣಿ ಸಂಖ್ಯೆ, ನೋಂದಣಿಯ ದಿನಾಂಕ, ಅರ್ಹತೆಗೆ ತಕ್ಕ ವೃತ್ತಿಯ ಸಂಕೇತಾಂಕ, ಮುಂದಿನ ನವೀಕರಣದ ದಿನ ಇವಿಷ್ಟೂ ಇರುತ್ತಿದ್ದುವು. ಕಚೇರಿಯೊಂದರಿಂದ ಖಾಲಿ ಹುದ್ದೆಯ ಸೂಚನೆ ಬಂದೊಡನೆ ಗುಮಾಸ್ತರು ಆ ಸಂಕೇತಾಂಕದ ಕಟ್ಟನ್ನು ತೆಗೆದು, ಸೀನಿಯಾರಿಟಿಯ ಕ್ರಮದಲ್ಲಿ ಹೆಸರುಗಳನ್ನು ಆರಿಸಿ, ಅಂಚೆಯ ಮೂಲಕ ಸಂದರ್ಶನದ ಕರೆಯನ್ನು ಕಳುಹಿಸುತ್ತಿದ್ದರು. ನವೀಕರಣ ತಪ್ಪಿದರೆ ವರ್ಷಗಟ್ಟಲೆ ಕಾದು ಗಳಿಸಿದ ಸೀನಿಯಾರಿಟಿ ಹೋಗುತ್ತಿದ್ದುದರಿಂದ, ಮಗನು ಪರವೂರಿನಲ್ಲಿದ್ದರೂ ತಂದೆಯು ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳುವುದು ವಾಡಿಕೆಯಾಗಿದ್ದಿತು. ಆ ಕಾಲದ ಸಿದ್ಧತೆಯೆಂದರೆ ಮುಂಜಾನೆ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ಮುಗಿಸುವುದು, ಸಾಧ್ಯವಾದರೆ ಶಾರ್ಟ್‌ಹ್ಯಾಂಡನ್ನೂ ಕಲಿಯುವುದು.

ಆದರೆ ಈ ವ್ಯವಸ್ಥೆಯ ಮಿತಿಯು ಅದರ ಕಾನೂನಿನಲ್ಲಿಯೇ ಅಡಗಿದ್ದಿತು. ಸರ್ಕಾರಿ ವಲಯದವರೂ, 25ಕ್ಕೆ ಕಡಿಮೆಯಿಲ್ಲದಷ್ಟು ನೌಕರರುಳ್ಳ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ಕೇಂದ್ರಕ್ಕೆ ತಿಳಿಸಲೇಬೇಕೆಂದು 1959ರ ಅಧಿನಿಯಮವು ವಿಧಿಸಿತಾದರೂ, ಕೇಂದ್ರವು ಕಳುಹಿಸಿದವರನ್ನೇ ನೇಮಿಸಬೇಕೆಂದು ಅದು ಕಡ್ಡಾಯಗೊಳಿಸಲಿಲ್ಲ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೇಂದ್ರದಿಂದ ಬಂದ ಹೆಸರುಗಳಲ್ಲದೆ ಪತ್ರಿಕಾ ಪ್ರಕಟಣೆಯ ಮೂಲಕವೂ ಅರ್ಜಿಗಳನ್ನು ಆಹ್ವಾನಿಸಬೇಕೆಂದು ತೀರ್ಪಿತ್ತಿತು. ಅವಕಾಶವು ಎಲ್ಲರಿಗೂ ಸಮಾನವಾಗಿರಬೇಕೆಂಬ ದೃಷ್ಟಿಯಿಂದ ಅದು ಸರಿಯಾದ ತೀರ್ಪೇ. ಅದರೊಡನೆ ಹಳೆಯ ಕಾರ್ಡಿನ ಮಹತ್ವವೂ ಕುಗ್ಗಿತು. ಕಾಯುವವನ ಕಾಲವು ಕಳೆದು, ಸ್ಪರ್ಧಿಸುವವನ ಕಾಲವು ಬಂದಿತು.

ಅದೇ ದಶಕದಲ್ಲಿ ಆರ್ಥಿಕ ಉದಾರೀಕರಣವೂ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮದ ಬೆಳವಣಿಗೆಯೂ ಕ್ಯಾಂಪಸ್ ಸಂದರ್ಶನವನ್ನು ಮನೆಮಾತಾಗಿಸಿದುವು. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಯಲ್ಲಿ, ಬೆಂಗಳೂರಿನಲ್ಲಿಯೇ ಜನಿಸಿದ ಶಕುಂತಲಾದೇವಿಯವರ ಒಗಟಿನ ಪುಸ್ತಕಗಳೂ ಆರ್. ಎಸ್. ಅಗರ್‌ವಾಲರ ಗಣಿತದ ದಪ್ಪ ಸಂಪುಟವೂ ಕಾಣಿಸತೊಡಗಿದುವು. ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಸೆಲ್‌ಗಳು ಏರ್ಪಟ್ಟುವು. ಆದರೆ ಮಾರ್ಗದರ್ಶನ ಕೇಂದ್ರವು ಎಲ್ಲ ವಿದ್ಯಾರ್ಥಿಗಳಿಗಾಗಿ ಕಲ್ಪಿತವಾದುದು. ಪ್ಲೇಸ್‌ಮೆಂಟ್ ಸೆಲ್ಲಾದರೋ ಕಂಪನಿಯು ನಿಗದಿಪಡಿಸಿದ ಅಂಕಗಳ ಗೆರೆಯನ್ನು ದಾಟಿದವರಿಗೆ ಹೆಚ್ಚು ಉಪಯುಕ್ತವಾದುದು. ಈ ವ್ಯತ್ಯಾಸದ ಪೆಟ್ಟು ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳ ಮೇಲೆ ಬಿದ್ದಿದೆ.

ಅಂಥ ಕಾಲೇಜಿನ ಒಬ್ಬ ವಿದ್ಯಾರ್ಥಿನಿಯ ರೆಸ್ಯೂಮೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ವಿಷಯವು ಮನದಟ್ಟಾಗುತ್ತದೆ. ಗೆಳತಿಯ ಪ್ರತಿಯಿಂದ ಇಳಿಸಿಕೊಂಡ ಇಂಗ್ಲಿಷ್ ವಾಕ್ಯಗಳು ಮೊದಲಿಗೆ. ಹವ್ಯಾಸಗಳೆಂಬಲ್ಲಿ ಸಂಗೀತ ಕೇಳುವುದು, ಟಿ.ವಿ. ನೋಡುವುದು. ತಾಯಿಯು ಸದಸ್ಯೆಯಾಗಿರುವ ಸ್ತ್ರೀಶಕ್ತಿ ಸಂಘದ ಲೆಕ್ಕವನ್ನು ಆಕೆಯೇ ಬರೆಯುತ್ತಾಳೆ: ವಾರದ ಉಳಿತಾಯ, ಯಾರಿಗೆ ಎಷ್ಟು ಸಾಲ, ಬಡ್ಡಿ ಎಷ್ಟು, ಬ್ಯಾಂಕಿನ ಪಾಸ್‌ಬುಕ್ಕಿಗೂ ಸಂಘದ ಪುಸ್ತಕಕ್ಕೂ ತಾಳೆ ಬಿದ್ದಿತೇ ಇಲ್ಲವೇ. ಇದು ಹಾಳೆಯ ಮೇಲೆ ಎಲ್ಲಿಯೂ ಇಲ್ಲ, ಏಕೆಂದರೆ ಇದೂ ಒಂದು ಅನುಭವವೆಂದು, ಲೆಕ್ಕಪತ್ರದ ಕೆಲಸಕ್ಕೆ ಇದೇ ನಿಜವಾದ ಅರ್ಹತೆಯೆಂದು ಆಕೆಗೆ ಹೇಳಿದವರು ಯಾರೂ ಇಲ್ಲ. ಹಾಗೆ ಹೇಳಬಲ್ಲ ಒಬ್ಬ ಅಧ್ಯಾಪಕರು ಅರ್ಧ ಗಂಟೆ ಜೊತೆಯಲ್ಲಿ ಕುಳಿತರೆ ಆ ಹಾಳೆಯೂ ಬದಲಾಗುತ್ತದೆ, ಸಂದರ್ಶನದಲ್ಲಿ ಆಕೆಯ ಧ್ವನಿಯೂ ಬದಲಾಗುತ್ತದೆ.

ಶಿವರಾಯರ ಸಮಿತಿಯು ಹಾಕಿಕೊಟ್ಟ ದಾರಿಯ ಸಾರವೇ ಇದು: ಮಾಹಿತಿಯ ಜೊತೆಗೆ ಮನುಷ್ಯನ ಸಲಹೆಯೂ ಬೇಕು. 2015ರಲ್ಲಿ ಆರಂಭವಾದ ರಾಷ್ಟ್ರೀಯ ವೃತ್ತಿ ಸೇವೆಯ ಅಂತರ್ಜಾಲ ತಾಣದಿಂದ ಮಾಹಿತಿಯೇನೋ ಹಳ್ಳಿಯ ಮೊಬೈಲಿಗೂ ತಲಪಿತು. ಸಲಹೆಯು ಮಾತ್ರ ಇನ್ನೂ ಹಣವುಳ್ಳವರ ಕೋಚಿಂಗ್ ತರಗತಿಗಳಲ್ಲಿಯೇ ಉಳಿದಿದೆ. ಆದುದರಿಂದ ಉದ್ಯೋಗದ ಸಿದ್ಧತೆಯನ್ನು ಅಂತಿಮ ವರ್ಷದ ಗಡಿಬಿಡಿಗೆ ಬಿಡದೆ, ಮೊದಲನೆಯ ಸೆಮಿಸ್ಟರಿನಿಂದಲೇ ವೇಳಾಪಟ್ಟಿಯಲ್ಲಿ ಅದಕ್ಕೆ ಗಂಟೆಗಳನ್ನು ಕೊಟ್ಟು, ತರಬೇತಿ ಪಡೆದ ಅಧ್ಯಾಪಕರೊಬ್ಬರನ್ನು ಅದಕ್ಕೆಂದೇ ನಿಯೋಜಿಸುವುದು ಪ್ರತಿಯೊಂದು ಸರ್ಕಾರಿ ಕಾಲೇಜಿನ ಹೊಣೆಯಾಗಬೇಕು. ಪದವಿಯನ್ನು ಕೊಡುವ ಸಂಸ್ಥೆಯು, ಆ ಪದವಿಯನ್ನು ಹಿಡಿದು ಎಲ್ಲಿಗೆ, ಹೇಗೆ ಹೋಗಬೇಕೆಂಬುದನ್ನೂ ಶುಲ್ಕವಿಲ್ಲದೆ ಹೇಳಿಕೊಟ್ಟಾಗಲೇ ತನ್ನ ಕೆಲಸವನ್ನು ಪೂರ್ಣವಾಗಿ ಮಾಡಿದಂತೆ.