ಟರ್ಬೊ ಎಂಜಿನ್ನಿನ ಕಸುವು ಮತ್ತು ಚುರುಕು

ಎಂಜಿನ್ನಿಗೆ ಪೆಟ್ರೋಲ್ ಎಷ್ಟು ಬೇಕಾದರೂ ಸುರಿಯಬಹುದು. ಸಾಲದೆ ಬರುವುದು ಗಾಳಿ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎರಡು ಲೀಟರಿನ ಎಂಜಿನ್ 6,000 ಆರ್‌ಪಿಎಂನಲ್ಲಿ ತಿರುಗುವಾಗ ತಾನಾಗಿ ಎಳೆದುಕೊಳ್ಳುವುದು ಸೆಕೆಂಡಿಗೆ ಹೆಚ್ಚೆಂದರೆ 100 ಲೀಟರ್. ತೂಗಿದರೆ 115 ಗ್ರಾಂ ಆಸುಪಾಸು. ಇದಕ್ಕಿಂತ ಹೆಚ್ಚು ತುಂಬಬೇಕೆಂದರೆ ಒತ್ತಿ ತುಂಬಬೇಕು. ಸೈಲೆನ್ಸರಿನತ್ತ ಹೊರಟ ಬಿಸಿ ಅನಿಲದಿಂದ ಟರ್ಬೈನ್ ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಕಂಪ್ರೆಸರ್ ಚಕ್ರದಿಂದ ಗಾಳಿ ಒತ್ತುವ ಟರ್ಬೊ ಎಂಬ ಉಪಾಯಕ್ಕೆ ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಕೋರಿದ್ದ. ಒತ್ತಿದ ಗಾಳಿಯನ್ನು ತಣಿಸುವುದು ಇಂಟರ್‌ಕೂಲರ್. ಟರ್ಬೈನಿಗೆ ಬೇಡವಾದ ಅನಿಲವನ್ನು ಪಕ್ಕದ ದಾರಿಯಲ್ಲಿ ಬಿಟ್ಟು ಬೂಸ್ಟ್ ಒತ್ತಡವನ್ನು ಹತೋಟಿಯಲ್ಲಿಡುವುದು ವೇಸ್ಟ್‌ಗೇಟ್. ಎಲ್ಲಕ್ಕೂ ಆಜ್ಞೆ ಕೊಡುವುದು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು. ಪರಿಭಾಷೆ ಇಷ್ಟು ಸಾಕು.

“ಬೂಸ್ಟ್ ಎಷ್ಟು ಇಟ್ಟಿದ್ದೀರಿ?” ಕಾರಿನ ಹುಚ್ಚಿರುವವರು ಸೇರಿದ ಕಡೆ ಮೊದಲು ಕೇಳಿಬರುವ ಪ್ರಶ್ನೆ ಇದೇ. ಎಡವುವುದೂ ಇಲ್ಲೇ. ಎಂಜಿನ್ನಿಗೆ ಬೇಕಾದದ್ದು ಗಾಳಿಯ ತೂಕ. ಮೀಟರು ತೋರಿಸುವುದು ಬರೀ ಒತ್ತಡ. ಒಂದು ಸಣ್ಣ ಲೆಕ್ಕ ಹಾಕೋಣ. 30 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಶೇಕಡಾ 70 ದಕ್ಷತೆಯ ಕಂಪ್ರೆಸರ್ ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ, ಆ ಗಾಳಿ ಸುಮಾರು 125 ಡಿಗ್ರಿಗೆ ಕಾಯುತ್ತದೆ. ಕಾದ ಗಾಳಿ ಹಿಗ್ಗುವುದರಿಂದ ಒತ್ತಡ ದುಪ್ಪಟ್ಟಾದರೂ ಸಾಂದ್ರತೆ ಏರುವುದು 1.5 ಪಟ್ಟು ಮಾತ್ರ. ಅದನ್ನೇ ಇಂಟರ್‌ಕೂಲರ್‌ನಲ್ಲಿ 45 ಡಿಗ್ರಿಗೆ ಇಳಿಸಿದರೆ 1.9 ಪಟ್ಟಿನ ಹತ್ತಿರ ಬರುತ್ತದೆ. ಮೀಟರಿನ ಮುಳ್ಳು ಕದಲಿಲ್ಲ, ಕಸುವು ಕಾಲು ಭಾಗ ಕೂಡಿತು. ಪುಟ್ಟ ಟರ್ಬೊವನ್ನು ಹಿಂಡಿ ಹಿಂಡಿ ಬೂಸ್ಟ್ ಏರಿಸುವವರು ಒಂದು ಹಂತದ ಆಚೆಗೆ ತುಂಬುವುದು ಗಾಳಿಯನ್ನಲ್ಲ, ಬಿಸಿಯನ್ನು.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ವಾಯುಭಾರ ಸುಮಾರು 0.91 ಬಾರ್. ಒಳಗೆ 2 ಬಾರ್ ನಿರಪೇಕ್ಷ ಒತ್ತಡ ಬೇಕಿದ್ದರೆ ಮಂಗಳೂರಿನಲ್ಲಿ ಎರಡು ಪಟ್ಟು ಒತ್ತಿದರೆ ಸಾಕು, ಬೆಂಗಳೂರಿನಲ್ಲಿ 2.2 ಪಟ್ಟು ಒತ್ತಬೇಕು. ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತನ್ನೂ ಮೀರಬಲ್ಲ ದಂಡ ಇನ್ನೂ ಜೋರಾಗಿ ತಿರುಗಬೇಕಾಗುತ್ತದೆ. ಇಸಿಯು ಆಜ್ಞೆಗಳನ್ನು ಹೊಸದಾಗಿ ಬರೆದು ಕರಾವಳಿಯಲ್ಲಿ ಅಂಚಿಗೆ ತಂದಿಟ್ಟ ರೀಮ್ಯಾಪ್ ಘಟ್ಟ ಹತ್ತಿದ ಮೇಲೆ ಏದುಸಿರು ಬಿಡುವುದು ಇದಕ್ಕೇ.

ಇನ್ನು ಚುರುಕು. ನನಗೆ ಬಲು ಪ್ರಿಯವಾದ ಭಾಗ ಇದು, ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. “ಟರ್ಬೊ ಲ್ಯಾಗ್ ಇದೆ” ಎಂದು ಬರುವ ದೂರುಗಳಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಬೆರೆತಿರುತ್ತವೆ. ನಾಲ್ಕನೇ ಗೇರಿನಲ್ಲಿ 1,200 ಆರ್‌ಪಿಎಂನಲ್ಲಿ ಪೆಡಲ್ ತುಳಿದಾಗ ಕಾರು ಮಿಸುಕದಿದ್ದರೆ ಅದು ಹೊಸ್ತಿಲಿನ ಕೊರತೆ: ಟರ್ಬೈನ್ ತಿರುಗಿಸಲು ಸಾಕಾಗುವಷ್ಟು ಅನಿಲವೇ ಹೊರಬರುತ್ತಿಲ್ಲ. ಎಂಜಿನ್ ವೇಗ ಏರುವ ತನಕ ಎಷ್ಟು ಕಾದರೂ ಬೂಸ್ಟ್ ಬರುವುದಿಲ್ಲ. ಗೇರು ಇಳಿಸಿ, ಈ ಔಷಧಕ್ಕೆ ಕಾಸು ಬೇಡ. ಆದರೆ 3,000 ಆರ್‌ಪಿಎಂನಲ್ಲಿ ಹಗುರವಾಗಿ ಸಾಗುತ್ತಿದ್ದು, ಪೆಡಲ್ ಒತ್ತಿದ ಮೇಲೆ ಒಂದು ಗಳಿಗೆ ತಡೆದು ಕಾರು ಚಿಮ್ಮಿದರೆ, ಅದು ನಿಜವಾದ ಲ್ಯಾಗ್. ಅನಿಲ ಇದೆ, ಚಕ್ರ ವೇಗಕ್ಕೆ ಬರಲು ಹೊತ್ತು ಹಿಡಿಯುತ್ತಿದೆ.

ಕುಂಬಾರನ ತಿಗರಿಯನ್ನು ನಿಂತಲ್ಲಿಂದ ತಿರುಗಿಸಿ ನೋಡಿದವರಿಗೆ ಗೊತ್ತು, ಭಾರ ಅಂಚಿನತ್ತ ಸರಿದಷ್ಟೂ ಅದನ್ನು ಎಬ್ಬಿಸುವುದು ಕಷ್ಟ. ಒಂದೇ ಆಕಾರದ ಚಕ್ರದ ವ್ಯಾಸ ಹೆಚ್ಚಿದರೆ ಅದರ ಜಡತ್ವ ವ್ಯಾಸದ ಐದನೇ ಘಾತದಂತೆ ಏರುತ್ತದೆ. ಶೇಕಡಾ ಹತ್ತರಷ್ಟು ದೊಡ್ಡ ಚಕ್ರಕ್ಕೆ ಶೇಕಡಾ 61ರಷ್ಟು ಹೆಚ್ಚು ಜಡತ್ವ! ಇದನ್ನು ಹೇಳಿ ಹೆದರಿಸುವವರು ಉಳಿದರ್ಧವನ್ನು ಹೇಳುವುದಿಲ್ಲ. ಗಾಳಿ ಒತ್ತುವುದು ಚಕ್ರದ ಅಂಚಿನ ವೇಗ. ದೊಡ್ಡ ಚಕ್ರ ಅಷ್ಟೇ ಅಂಚಿನ ವೇಗಕ್ಕೆ ಕಡಿಮೆ ಸುತ್ತು ತಿರುಗಿದರೆ ಸಾಕು. ಹಾಗಾಗಿ ಅದರಲ್ಲಿ ತುಂಬಬೇಕಾದ ಚಲನಶಕ್ತಿ ಏರುವುದು ವ್ಯಾಸದ ಮೂರನೇ ಘಾತದಂತೆ, ಅಂದರೆ ಶೇಕಡಾ 33. ಹೆದರಿಸಿದಷ್ಟು ದೊಡ್ಡದಲ್ಲ, ಕಡೆಗಣಿಸುವಷ್ಟು ಸಣ್ಣದೂ ಅಲ್ಲ. 1977ರಲ್ಲಿ ರೆನೊ ಕಂಪನಿ ಫಾರ್ಮುಲಾ ಒನ್‌ಗೆ ಮೊದಲ ಟರ್ಬೊ ಕಾರು ತಂದಾಗ ಒಂದೂವರೆ ಲೀಟರಿನ ವಿ6 ಎಂಜಿನ್ನಿಗೆ ಒಂದೇ ದೊಡ್ಡ ಟರ್ಬೊ ಇತ್ತು. ಲ್ಯಾಗ್ ಸಹಿಸಲಾಗದಷ್ಟು. 1979ರಲ್ಲಿ ಎರಡು ಪುಟ್ಟ ಟರ್ಬೊ ಕೂರಿಸಿದರು, ಅದೇ ವರ್ಷ ದಿಜೋನ್‌ನ ರೇಸನ್ನು ರೆನೊ ಚಾಲಕ ಜಾಂ-ಪಿಯೆರ್ ಜಬೂಯ್ ಗೆದ್ದ.

ಈಗ ಮಾರುಕಟ್ಟೆಯ ಮಾತು. ಹಗುರ ಕಂಪ್ರೆಸರ್ ಚಕ್ರ ಹಾಕಿದರೆ ಲ್ಯಾಗ್ ಮಾಯ ಎನ್ನುತ್ತಾರೆ. ಕಂಪ್ರೆಸರ್ ಚಕ್ರ ಮೊದಲೇ ಅಲ್ಯೂಮಿನಿಯಂ. ಜಡತ್ವದ ಸಿಂಹಪಾಲು ಇರುವುದು ಕೆಂಡದಂಥ ಅನಿಲ ತಡೆಯುವ ನಿಕಲ್ ಮಿಶ್ರಲೋಹದ ಟರ್ಬೈನ್ ಚಕ್ರದಲ್ಲಿ. ಅದರ ಸಾಂದ್ರತೆ ಅಲ್ಯೂಮಿನಿಯಂನ ಮೂರು ಪಟ್ಟು. ಅದಕ್ಕೇ ಮಿತ್ಸುಬಿಷಿಯವರು ಲ್ಯಾನ್ಸರ್ ಎವೊಲ್ಯೂಷನ್‌ನ ಕೆಲವು ಮಾದರಿಗಳಲ್ಲಿ ಅರ್ಧದಷ್ಟೇ ತೂಗುವ ಟೈಟಾನಿಯಂ-ಅಲ್ಯೂಮಿನಿಯಂ ಮಿಶ್ರಲೋಹದ ಟರ್ಬೈನ್ ಇಟ್ಟರು. ಇಂಟರ್‌ಕೂಲರ್ ದೊಡ್ಡದಾದರೆ ಲ್ಯಾಗ್ ಬರುತ್ತದೆ ಎಂಬ ಭಯವೂ ಅತಿಯಾದದ್ದು. ಐದು ಲೀಟರ್ ಹೆಚ್ಚಿನ ಜಾಗ ತುಂಬಲು 3,000 ಆರ್‌ಪಿಎಂನಲ್ಲಿ ತಗಲುವುದು ಸೆಕೆಂಡಿನ ಹತ್ತನೇ ಒಂದು ಭಾಗದ ಮಟ್ಟದ ಹೊತ್ತು. ಪೆಡಲ್ ಬಿಟ್ಟಾಗ ಒತ್ತಿದ ಗಾಳಿಯನ್ನು ಹೊರಬಿಡುವ ಬ್ಲೋ-ಆಫ್ ವಾಲ್ವ್‌ನ ‘ಪುಸ್ಸ್’ ಸದ್ದು ಕಿವಿಗೆ ಹಬ್ಬ, ಕಸುವಿಗೆ ಅದರಿಂದ ಸೊನ್ನೆ.

ಫಲ ಕೊಡುವ ಉಪಾಯಗಳಲ್ಲಿ ನನ್ನ ಓಟು ಟ್ವಿನ್-ಸ್ಕ್ರಾಲ್‌ಗೆ. ನಾಲ್ಕು ಸಿಲಿಂಡರ್ ಎಂಜಿನ್ ಸಾಮಾನ್ಯವಾಗಿ 1-3-4-2 ಕ್ರಮದಲ್ಲಿ ಸಿಡಿಯುತ್ತದೆ. ಒಂದು ಸಿಲಿಂಡರ್ ತನ್ನ ಹೊಗೆಯನ್ನು ಹೊರದಬ್ಬುತ್ತಾ ಮುಗಿಸುವ ಹೊತ್ತಿಗೆ ಮುಂದಿನದರ ವಾಲ್ವ್ ತೆರೆದು, ಅದರ ಒತ್ತಡದ ಅಲೆ ಮೊದಲನೆಯದರೊಳಗೆ ಹಿಂದಕ್ಕೆ ನುಗ್ಗುತ್ತದೆ. 1 ಮತ್ತು 4ನ್ನು ಒಂದು ಕೊಳವೆಗೆ, 2 ಮತ್ತು 3ನ್ನು ಇನ್ನೊಂದಕ್ಕೆ ಸೇರಿಸಿ, ಟರ್ಬೈನಿನ ಬಾಗಿಲ ತನಕ ಬೇರೆಯಾಗಿಯೇ ಒಯ್ದರೆ ಈ ಜಗಳ ನಿಲ್ಲುತ್ತದೆ. ಅಲೆಯ ಹೊಡೆತ ಪೂರ್ತಿ ಚಕ್ರಕ್ಕೆ ಸಿಗುತ್ತದೆ, ಹೊಸ್ತಿಲೂ ಲ್ಯಾಗೂ ಎರಡೂ ತಗ್ಗುತ್ತವೆ. ಇಷ್ಟು ಸರಳ ಜಾಣತನ ಎಂಜಿನ್ನಿನೊಳಗೆ ಕಡಿಮೆ.

ಆದರೂ ಚುರುಕು ಮತ್ತು ಕಸುವಿನ ನಡುವೆ ಚೌಕಾಸಿ ತಪ್ಪದು. ಟರ್ಬೈನಿನ ಗಂಟಲು ಕಿರಿದಾದಷ್ಟು ಚಕ್ರ ಬೇಗ ಏಳುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಅದೇ ಗಂಟಲು ಹೊಗೆಯನ್ನು ತಡೆದು ಸಿಲಿಂಡರಿನೊಳಗೆ ಬಿಸಿ ಉಳಿಸುತ್ತದೆ. 2017ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನ ಎರಡು ಲೀಟರ್ ಎಂಜಿನ್ನಿನಲ್ಲಿ ಇದ್ದದ್ದು ಐಎಸ್20 ಎಂಬ ಟರ್ಬೊ: 230 ಅಶ್ವಶಕ್ತಿ, 1,500 ಆರ್‌ಪಿಎಂನಿಂದಲೇ 350 ನ್ಯೂಟನ್ ಮೀಟರ್ ಟಾರ್ಕ್. ಅದೇ ಕುಲದ ಎಂಜಿನ್ನಿಗೆ ದೊಡ್ಡ ಐಎಸ್38 ಕೂರಿಸಿದ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್‌ಗೆ 300 ಅಶ್ವಶಕ್ತಿ, 380 ನ್ಯೂಟನ್ ಮೀಟರ್, ಆದರೆ 1,800ರಿಂದ. ಆ 300 ಆರ್‌ಪಿಎಂ ಚೌಕಾಸಿಯ ಬೆಲೆ. ಟರ್ಬೊ ಒಂದನ್ನೇ ಬದಲಿಸುವ ಉತ್ಸಾಹಿಗಳು ಇನ್ನೊಂದು ಸಂಗತಿ ಗಮನಿಸಬೇಕು: ಗಾಲ್ಫ್ ಆರ್‌ಗೆ ಪಿಸ್ಟನ್, ಎಕ್ಸಾಸ್ಟ್ ವಾಲ್ವ್, ಇಂಜೆಕ್ಟರ್‌ಗಳನ್ನೂ ಕಂಪನಿ ಬದಲಿಸಿತ್ತು.

ಇಂಧನದ ಮಾತು ಚುಟುಕಾಗಿ. ಒತ್ತಡ, ಬಿಸಿ ಮಿತಿ ಮೀರಿದರೆ ಮಿಶ್ರಣ ತಾನೇ ಸಿಡಿದು ನಾಕಿಂಗ್ ಆಗುತ್ತದೆ. ಅದನ್ನು ಕೇಳಿಸಿಕೊಂಡ ಇಸಿಯು ಕಿಡಿಯನ್ನು ತಡಮಾಡಿ ಕಸುವು ಇಳಿಸುತ್ತದೆ. 95 ಆಕ್ಟೇನ್‌ಗೆ ಬರೆದ ಮ್ಯಾಪ್ ಇಟ್ಟುಕೊಂಡು 91ರ ಪೆಟ್ರೋಲ್ ತುಂಬಿದರೆ ಕೊಟ್ಟ ದುಡ್ಡು ಹೊಗೆಯಲ್ಲಿ ಹೋಯಿತು. ಇದಕ್ಕಿಂತ ಕೆಟ್ಟದ್ದು ನೇರ ಇಂಜೆಕ್ಷನ್ನಿನ ಪುಟ್ಟ ಟರ್ಬೊ ಎಂಜಿನ್ನುಗಳಲ್ಲಿ ಕಡಿಮೆ ವೇಗ, ಹೆಚ್ಚು ಹೊರೆಯಲ್ಲಿ ಕಿಡಿಗೂ ಮೊದಲೇ ಹೊತ್ತಿಕೊಳ್ಳುವ ಪಿಡುಗು. ಪಿಸ್ಟನ್ ಒಡೆಯಲು ಅದೊಂದು ಸಾಕು. 1,500 ಆರ್‌ಪಿಎಂನಲ್ಲೇ ಟಾರ್ಕ್ ಉಕ್ಕಿಸುವ ಮ್ಯಾಪ್ ನನಗೆ ಸೇರದಿರುವುದು ಇದಕ್ಕೆ. 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯ ಎಣ್ಣೆಗೆ ಈ ಪಿಡುಗಿನ ಪರೀಕ್ಷೆಯೂ ಸೇರಿದೆ, ಡಬ್ಬಿಯ ಮೇಲೆ ನೋಡಿ ಕೊಳ್ಳಿ. ಇನ್ನು ಕಾನೂನು: ನೋಂದಣಿ ಪತ್ರದ ವಿವರಗಳಿಗೆ ತಾಳೆಯಾಗದ ಮಾರ್ಪಾಡುಗಳನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ ಎಂಬುದೂ ನೆನಪಿರಲಿ.

ಕೊನೆಯದಾಗಿ ಒಂದು ಬೇಡಿಕೆ. ಬಿಡಿಭಾಗ ಕೊಳ್ಳುವ ಮೊದಲು ಕಂಪ್ರೆಸರ್ ಮ್ಯಾಪ್ ಓದಲು ಕಲಿಯಿರಿ. ಅಡ್ಡ ಅಕ್ಷದಲ್ಲಿ ಗಾಳಿಯ ತೂಕ, ಲಂಬ ಅಕ್ಷದಲ್ಲಿ ಒತ್ತಡದ ಅನುಪಾತ, ನಡುವೆ ದ್ವೀಪಗಳಂತೆ ದಕ್ಷತೆಯ ಗೆರೆಗಳು. ಎಡದಂಚಿನ ಗೆರೆ ದಾಟಿದರೆ ಗಾಳಿ ಹಿಂದೆ ಹೊರಳಿ ಸರ್ಜ್. ಬಲಕ್ಕೆ ಹೋದಂತೆ ಉಸಿರುಗಟ್ಟಿ ಬಿಸಿ. ನಿಮ್ಮ ಎಂಜಿನ್ 2,000, 4,000, 6,000 ಆರ್‌ಪಿಎಂನಲ್ಲಿ ನುಂಗುವ ಗಾಳಿಯನ್ನು ಲೆಕ್ಕ ಹಾಕಿ ಮೂರು ಚುಕ್ಕಿ ಇಡಿ. ಹೈಸ್ಕೂಲಿನ ಭೌತಶಾಸ್ತ್ರ ಸಾಕು, ಒಂದು ಸಂಜೆಯ ಕೆಲಸ. ಅದು ಕೈಗೆ ಹತ್ತಿದ ಮೇಲೆ ಟರ್ಬೈನಿನ ಮ್ಯಾಪ್ ಹಿಡಿಯಿರಿ. ಅದಕ್ಕೆ ಥರ್ಮೊಡೈನಮಿಕ್ಸ್‌ನ ಒಂದೆರಡು ಪಾಠ ಬೇಕಾಗುತ್ತದೆ, ಪಾಲಿಟೆಕ್ನಿಕ್ ಪಠ್ಯಪುಸ್ತಕದಲ್ಲೇ ಅವು ಸಿಗುತ್ತವೆ.