ಕೂಪೆ ಚಾವಣಿಯ ಕಾರು: ಬೆಲೆಪಟ್ಟಿ ಓದುವುದು ಹೇಗೆ?

2024ರ ಆಗಸ್ಟ್‌ನಲ್ಲಿ ಸಿಟ್ರನ್ ಬಸಾಲ್ಟ್, ಸೆಪ್ಟೆಂಬರ್‌ನಲ್ಲಿ ಟಾಟಾ ಕರ್ವ್‌ನ ಪೆಟ್ರೋಲ್, ಡೀಸೆಲ್ ಮಾದರಿಗಳು ಮಾರುಕಟ್ಟೆಗೆ ಬಂದವು. ಅಲ್ಲಿಯವರೆಗೆ ಬಿಎಂಡಬ್ಲ್ಯು, ಮರ್ಸಿಡಿಸ್‌ನಂಥ ದುಬಾರಿ ಕಾರುಗಳಲ್ಲಿ ಮಾತ್ರ ಕಾಣುತ್ತಿದ್ದ ಇಳಿಜಾರು ಚಾವಣಿಯ, ಅಂದರೆ ಕೂಪೆ ಶೈಲಿಯ, ಎಸ್‌ಯುವಿ ವಿನ್ಯಾಸ ಮಧ್ಯಮ ವರ್ಗದ ಕೈಗೆಟುಕಿದ್ದು ಹೀಗೆ. ಬಿಡುಗಡೆಯ ಹೊತ್ತಿಗೆ ಬಸಾಲ್ಟ್‌ನ ಆರಂಭಿಕ ಎಕ್ಸ್-ಶೋರೂಮ್ ಬೆಲೆ 7.99 ಲಕ್ಷ ರೂಪಾಯಿ, ಪೆಟ್ರೋಲ್ ಕರ್ವ್‌ನದು 9.99 ಲಕ್ಷ ಇತ್ತು. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಈ ಅಂಕಿಗೂ ನಾವು ಕೊನೆಗೆ ಕೊಡುವ ಹಣಕ್ಕೂ ನಡುವೆ ಲಕ್ಷಗಳ ಅಂತರವಿದೆ. ಅದರಲ್ಲಿ ಎಷ್ಟು ಯಾವುದಕ್ಕೆ ಹೋಗುತ್ತದೆ ಎಂದು ತಿಳಿಯದೆ ಬುಕಿಂಗ್ ಹಣ ಕಟ್ಟುವವರೇ ಹೆಚ್ಚು.

ಮೊದಲು ಆ ಚಾವಣಿಯ ವಿಷಯ. ಅದು ಬರೀ ಅಂದಕ್ಕಲ್ಲ. ಪೆಟ್ಟಿಗೆಯಂತೆ ಹಿಂದೆ ನೇರ ಕತ್ತರಿಸಿದ ಕಾರು ಓಡುವಾಗ ಅದರ ಬೆನ್ನ ಹಿಂದೆ ಗಾಳಿ ಸುಳಿಸುಳಿಯಾಗಿ ಒಡೆದು, ಅಲ್ಲಿ ಒತ್ತಡ ಕಡಿಮೆಯಾಗಿ, ಕಾರನ್ನು ಹಿಂದಕ್ಕೆಳೆಯುತ್ತದೆ. ಚಾವಣಿ ನಿಧಾನವಾಗಿ ಇಳಿದರೆ ಗಾಳಿ ಮೇಲ್ಮೈಗೆ ಅಂಟಿಕೊಂಡೇ ಹಿಂದೆ ಸರಿಯುತ್ತದೆ, ಎಳೆತ ತಗ್ಗುತ್ತದೆ. ಆದರೆ ಇಳಿಜಾರು ಹೆಚ್ಚಾದಷ್ಟೂ ಒಳ್ಳೆಯದು ಎಂದೇನೂ ಅಲ್ಲ. ಕಾರಿನ ಆಕಾರದ ಸರಳ ಮಾದರಿಯಿಟ್ಟು ಅಹ್ಮದ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸುಮಾರು 12 ಡಿಗ್ರಿ ಇಳಿಜಾರಿಗೆ ಎಳೆತ ಅತಿ ಕಡಿಮೆ ಇತ್ತು, 30 ಡಿಗ್ರಿ ಹೊತ್ತಿಗೆ ಅತಿ ಹೆಚ್ಚಾಗಿತ್ತು. ಅದಕ್ಕೇ ಈ ಕಾರುಗಳ ಬೆನ್ನು ಉದ್ದಕ್ಕೆ, ಮೆಲ್ಲಗೆ ಇಳಿಯುತ್ತದೆ. ಟಾಟಾದ ಎರಡು ವಿದ್ಯುತ್ ಕಾರುಗಳನ್ನು ಹೋಲಿಸಿ ನೋಡಿ: ನೆಕ್ಸಾನ್ ಮತ್ತು ಕರ್ವ್ ಎರಡರಲ್ಲೂ 45 ಕಿಲೋವ್ಯಾಟ್ ಅವರ್ ಬ್ಯಾಟರಿ ಸಿಗುತ್ತಿತ್ತು. ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಓಡುತ್ತದೆಂದು ಕಂಪನಿ ಹೇಳಿದ್ದ ಪ್ರಮಾಣಿತ ದೂರ ನೆಕ್ಸಾನ್‌ಗೆ 489 ಕಿ.ಮೀ., ಅದಕ್ಕಿಂತ ದೊಡ್ಡದಾದ ಕರ್ವ್‌ಗೆ 502 ಕಿ.ಮೀ. ರಸ್ತೆಯಲ್ಲಿ ಇಷ್ಟು ದೂರ ಸಿಗುವುದಿಲ್ಲ, ಅದು ಬೇರೆ ಮಾತು. ದೊಡ್ಡ ಕಾರು ಚಿಕ್ಕದಕ್ಕಿಂತ ಹಿಂದೆ ಬೀಳದಿರುವುದರಲ್ಲಿ ಆಕಾರದ ಪಾಲೂ ಇದೆ.

ಉದ್ದ ಹೆಚ್ಚಾದ ಮಾತ್ರಕ್ಕೆ ಒಳಗಿನ ಜಾಗ ಹೆಚ್ಚಿತು ಎಂದುಕೊಳ್ಳಬೇಡಿ. ನೆಕ್ಸಾನ್ 3,995 ಮಿ.ಮೀ. ಉದ್ದ, ಕರ್ವ್ 4,308. ಅಂದರೆ 313 ಮಿ.ಮೀ. ಹೆಚ್ಚು. ಆದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,498ರಿಂದ 2,560ಕ್ಕೆ ಏರಿದೆ, ಬರೀ 62 ಮಿ.ಮೀ. ಕಾಲು ಚಾಚುವ ಜಾಗ ಬಹುಮಟ್ಟಿಗೆ ಈ ಅಂತರದಿಂದಲೇ ಹುಟ್ಟುವುದು. ಉಳಿದ ಉದ್ದದ ಬಹುಪಾಲು ಹಿಂದಿನ ಚಕ್ರದ ಆಚೆಗೆ, ಡಿಕ್ಕಿಗೆ ಹೋಗಿದೆ. ನೆಕ್ಸಾನ್‌ನ ಡಿಕ್ಕಿ 382 ಲೀಟರ್ ಇದ್ದರೆ ಕರ್ವ್‌ನದು 500 ಲೀಟರ್. ಬಸಾಲ್ಟ್‌ನ ಚಕ್ರಗಳ ಅಂತರ 2,651 ಮಿ.ಮೀ., ಡಿಕ್ಕಿ 470 ಲೀಟರ್. ಹಾಗಾಗಿ ಹಿಂದಿನ ಸೀಟಿನ ಮಟ್ಟಿಗೆ ಬಸಾಲ್ಟ್‌ಗೇ ನನ್ನ ಮತ. ಅದರ ಮೇಲ್ದರ್ಜೆಯ ವೇರಿಯಂಟ್‌ಗಳಲ್ಲಿ ಹಿಂದೆ ಕುಳಿತವರ ತೊಡೆಗೆ ಆಸರೆಯಾಗುವಂತೆ ಸೀಟಿನ ಅಂಚನ್ನು ಹೊಂದಿಸಿಕೊಳ್ಳಬಹುದು. ಮನೆಯಲ್ಲಿ ವಯಸ್ಸಾದವರಿದ್ದರೆ ಅಥವಾ ಆರಡಿ ಎತ್ತರದ ಮಗನಿದ್ದರೆ ಅವರನ್ನೇ ಶೋರೂಮಿಗೆ ಕರೆದೊಯ್ದು ಹಿಂದೆ ಕೂರಿಸಿ. ಹತ್ತುವಾಗ ತಲೆ ತಗ್ಗಿಸಬೇಕೇ, ಕುಳಿತ ಮೇಲೆ ಕೂದಲು ಚಾವಣಿಗೆ ತಾಗುತ್ತದೆಯೇ ಎಂಬುದು ಅಳತೆಪಟ್ಟಿಯಿಂದ ತಿಳಿಯುವುದಿಲ್ಲ. ಚಾಲಕನ ಸೀಟಿನಿಂದ ಒಳಗನ್ನಡಿಯಲ್ಲಿ ಹಿಂದಿನ ರಸ್ತೆ ಎಷ್ಟು ಕಾಣುತ್ತದೆ ಎಂದೂ ನೋಡಿ. ಇಳಿಜಾರು ಗಾಜಿನಲ್ಲಿ ನೋಟ ಕಿರಿದಾಗುತ್ತದೆ.

ಇನ್ನು ಬೆಲೆ. ಪಟ್ಟಿಯ ಮೊದಲ ಸಾಲಿನ ಬೆಲೆಗೆ ಯಾವ ಎಂಜಿನ್ ಸಿಗುತ್ತದೆ ಎಂಬುದನ್ನು ಮೊದಲು ಕೇಳಬೇಕು. ಬಸಾಲ್ಟ್‌ನ 7.99 ಲಕ್ಷಕ್ಕೆ ಸಿಗುತ್ತಿದ್ದುದು 82 ಪಿಎಸ್ (ಅಶ್ವಶಕ್ತಿ) ಬಲದ, ಟರ್ಬೊ ಇಲ್ಲದ ಎಂಜಿನ್. 110 ಪಿಎಸ್‌ನ ಟರ್ಬೊ ಬೇಕೆಂದರೆ ಬೆಲೆ 11.49 ಲಕ್ಷದಿಂದ ಶುರುವಾಗುತ್ತಿತ್ತು. ಶಿರಾಡಿ, ಚಾರ್ಮಾಡಿಯಂಥ ಘಾಟಿಗಳನ್ನು ತುಂಬಿದ ಕಾರಿನಲ್ಲಿ ಆಗಾಗ ಹತ್ತುವವರಿಗೆ ಮೊದಲನೆಯದು ಸಾಲದು. ಕರ್ವ್‌ನಲ್ಲಿ 120 ಪಿಎಸ್‌ನ ಟರ್ಬೊ ಪೆಟ್ರೋಲ್, 125 ಪಿಎಸ್‌ನ ನೇರ ಇಂಧನ ಚಿಮ್ಮುವಿಕೆಯ ಪೆಟ್ರೋಲ್, 118 ಪಿಎಸ್‌ನ ಡೀಸೆಲ್ ಹೀಗೆ ಮೂರು ಆಯ್ಕೆಗಳಿವೆ.

ಸೌಲಭ್ಯಗಳಲ್ಲಿ ಆರು ಏರ್‌ಬ್ಯಾಗ್‌ಗಳು ಎರಡೂ ಕಾರುಗಳ ಎಲ್ಲ ವೇರಿಯಂಟ್‌ಗಳಲ್ಲಿವೆ. ಅಪಘಾತ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕರ್ವ್ ಐದು, ಬಸಾಲ್ಟ್ ನಾಲ್ಕು ನಕ್ಷತ್ರ ಪಡೆದಿವೆ. ಜೀವ ಉಳಿಸುವ ಸಲಕರಣೆಗೆ ಮೇಲಿನ ವೇರಿಯಂಟ್‌ಗೇ ಹೋಗಬೇಕಿಲ್ಲ ಎಂಬುದು ನಿಜಕ್ಕೂ ಸಂತೋಷದ ವಿಷಯ. ಕರ್ವ್‌ನಲ್ಲಿ ದೊಡ್ಡ ಪರದೆ, ಚಾವಣಿಯುದ್ದದ ಸನ್‌ರೂಫ್, ತಾನೇ ತೆರೆಯುವ ಡಿಕ್ಕಿ ಬಾಗಿಲು, ಕ್ಯಾಮೆರಾ-ರಾಡಾರ್ ನೆರವಿನ ಚಾಲಕ ಸಹಾಯ ವ್ಯವಸ್ಥೆ ಇವೆಲ್ಲ ಮೇಲೇರಿದಂತೆ ಸೇರುತ್ತವೆ. ಇವುಗಳಲ್ಲಿ ದಿನವೂ ಬಳಸುವುದು ಯಾವುದು ಎಂದು ಮನೆಯಲ್ಲೇ ಬರೆದುಕೊಂಡು ಹೋಗಿ. ನನ್ನನ್ನು ಕೇಳಿದರೆ ಮಧ್ಯದ ವೇರಿಯಂಟ್ ಸಾಕು, ಉಳಿದ ಹಣ ಒಳ್ಳೆಯ ಎಂಜಿನ್‌ಗೆ ಹೋಗಲಿ.

ಕರ್ನಾಟಕದಲ್ಲಿ ಕಾರು ಕೊಳ್ಳುವವರು ಬಹಳ ಗಮನವಿಡಬೇಕಾದದ್ದು ಜೀವಾವಧಿ ತೆರಿಗೆಯ ಮೇಲೆ. ಪೆಟ್ರೋಲ್, ಡೀಸೆಲ್ ಕಾರಿನ ಬೆಲೆ 5ರಿಂದ 10 ಲಕ್ಷದೊಳಗಿದ್ದರೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಅದರಾಚೆ ಶೇ 18. ಈ ತೆರಿಗೆಯ ಮೇಲೆ ಶೇ 11 ಉಪಕರ. ಆದಾಯ ತೆರಿಗೆಯಂತೆ ಹಂತದಾಚೆಗಿನ ಮೊತ್ತಕ್ಕೆ ಮಾತ್ರ ಹೆಚ್ಚಿನ ದರ ಹಾಕುವ ಪದ್ಧತಿ ಇಲ್ಲಿಲ್ಲ. ಗೆರೆ ದಾಟಿದರೆ ಇಡೀ ಬೆಲೆಗೆ ಹೊಸ ದರ. 9.99 ಲಕ್ಷದ ಕಾರಿಗೆ ಉಪಕರ ಸೇರಿ ತೆರಿಗೆ ಸುಮಾರು 1.55 ಲಕ್ಷ, 10.01 ಲಕ್ಷದ ಕಾರಿಗೆ ಸುಮಾರು 1.89 ಲಕ್ಷ. ಬೆಲೆಯಲ್ಲಿ ಎರಡು ಸಾವಿರದ ವ್ಯತ್ಯಾಸ, ತೆರಿಗೆಯಲ್ಲಿ ಮೂವತ್ತಮೂರು ಸಾವಿರಕ್ಕೂ ಹೆಚ್ಚು!

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಬದಲಾವಣೆಯ ಲಾಭವೂ ಇದೇ 10 ಲಕ್ಷದ ಗೆರೆಯ ಬಳಿ ಅತಿ ಹೆಚ್ಚು. ನಾಲ್ಕು ಮೀಟರ್ ಮೀರಿದ ಈ ಕಾರುಗಳ ಮೇಲೆ ಮೊದಲು ಸೆಸ್ ಸೇರಿ ಶೇ 45 ಇತ್ತು, ಅದು ಶೇ 40ಕ್ಕೆ ಇಳಿಯಿತು. ಕರ್ವ್‌ನ ಆರಂಭಿಕ ಬೆಲೆ 9.65 ಲಕ್ಷಕ್ಕೆ ಬಂದದ್ದು ಹೀಗೆ. ಮೊದಲು 10.30 ಲಕ್ಷವಿದ್ದ ಕಾರೊಂದು ಈ ಲೆಕ್ಕದಲ್ಲಿ 9.95 ಲಕ್ಷಕ್ಕಿಳಿದರೆ, ಬೆಲೆಯಲ್ಲಿ ಸುಮಾರು 35 ಸಾವಿರ, ರಸ್ತೆ ತೆರಿಗೆಯಲ್ಲಿ ಸುಮಾರು 40 ಸಾವಿರ ಉಳಿಯುತ್ತದೆ.

ಡೀಸೆಲ್ ಕೊಳ್ಳುವ ಮುನ್ನವೂ ಇದೇ ಲೆಕ್ಕ ಹಾಕಬೇಕು. ಬಿಡುಗಡೆಯ ಹೊತ್ತಿಗೆ ಡೀಸೆಲ್ ಕರ್ವ್ 11.49 ಲಕ್ಷದಿಂದ ಶುರುವಾಗಿತ್ತು, ಪೆಟ್ರೋಲ್‌ಗಿಂತ ಒಂದೂವರೆ ಲಕ್ಷ ಹೆಚ್ಚು. ರಾಜ್ಯದ ತೆರಿಗೆ ಸೇರಿದಾಗ ಅಂತರ 2.1 ಲಕ್ಷ ದಾಟುತ್ತದೆ. ಪೆಟ್ರೋಲ್ ಕಾರು ಲೀಟರಿಗೆ 12, ಡೀಸೆಲ್ 16 ಕಿ.ಮೀ. ಕೊಡುತ್ತದೆ, ಇಂಧನದ ಬೆಲೆ ಕ್ರಮವಾಗಿ 102 ಮತ್ತು 91 ರೂಪಾಯಿ ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ ಉಳಿಯುವುದು ಸುಮಾರು 2.81 ರೂಪಾಯಿ. ಹೆಚ್ಚು ಕೊಟ್ಟ ಹಣ ಮರಳಲು ಸುಮಾರು 75 ಸಾವಿರ ಕಿ.ಮೀ. ಓಡಿಸಬೇಕು. ವಾರಕ್ಕೊಮ್ಮೆ ಹುಬ್ಬಳ್ಳಿ-ಬೆಂಗಳೂರು ಓಡಾಡುವವರಿಗೆ ಇದು ಲಾಭ. ಕಚೇರಿಗೂ ಸಂತೆಗೂ ಮಾತ್ರ ಹೋಗಿಬರುವವರಿಗೆ ಅಲ್ಲ.

ಬೆಲೆ 10 ಲಕ್ಷ ಮೀರಿದರೆ ಶೇ 1ರಷ್ಟು ಟಿಸಿಎಸ್ (ಮಾರುವಾಗಲೇ ಸಂಗ್ರಹಿಸುವ ಆದಾಯ ತೆರಿಗೆ) ಕೂಡ ಹಿಡಿಯುತ್ತಾರೆ. ಇದು ಖರ್ಚಲ್ಲ, ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ವಿಮೆಯಲ್ಲಿ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಆದರೆ ಶೋರೂಮಿನವರು ಹೇಳಿದ ಕಂಪನಿಯಲ್ಲೇ ವಿಮೆ ಮಾಡಿಸಬೇಕೆಂಬ ನಿಯಮವಿಲ್ಲ, ಹೊರಗೆ ವಿಚಾರಿಸಿ. ಹೆಚ್ಚುವರಿ ವಾರಂಟಿ, ಬಿಡಿಭಾಗಗಳ ಕಿಟ್, ಬಣ್ಣ ಕಾಯುವ ಲೇಪನ ಇವೆಲ್ಲ ನಿಮ್ಮ ಇಷ್ಟಕ್ಕೆ ಬಿಟ್ಟವು. ಬುಕಿಂಗ್ ಹಣ ಕೊಡುವ ಮೊದಲೇ ಪ್ರತಿ ಬಾಬತ್ತನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದ ಕೊಟೇಶನ್ ಕೇಳಿ ಪಡೆಯಿರಿ. ಕಾರು ತಯಾರಾದ ತಿಂಗಳು, ವರ್ಷವನ್ನು ಅದರಲ್ಲೇ ನಮೂದಿಸಲು ಹೇಳಿ.