ಸೀಟಿನ ಹಿಂದೆ ಬಿಟ್ಟುಹೋದ ಪತ್ರಿಕೆ

ಲಂಡನ್ನಿನ ನೆಲದಡಿ ಓಡುವ ಟ್ಯೂಬ್ ರೈಲಿನಲ್ಲಿ ಸೀಟಿನ ಬೆನ್ನಿಗೂ ಕಿಟಕಿಗೂ ನಡುವೆ ಕಿರಿದಾದ ಒಂದು ಅಂಚು ಇರುತ್ತದೆ. ಬೆಳಗಿನ ಹೊತ್ತು ಅಲ್ಲಿ ಮಡಿಸಿದ ಪತ್ರಿಕೆಯೊಂದು ಸಿಗುತ್ತದೆ. ಓದಿದವರು ಇಳಿಯುವಾಗ ಇಟ್ಟುಹೋಗುತ್ತಾರೆ, ಹತ್ತಿದವರು ಎತ್ತಿಕೊಳ್ಳುತ್ತಾರೆ. ಪದಬಂಧವನ್ನು ಯಾರೋ ಅರ್ಧ ತುಂಬಿರಬಹುದು, ಮುಖಪುಟದ ಮೇಲೆ ಕಾಫಿ ಲೋಟದ ಗುರುತು ಮೂಡಿರಬಹುದು. ಇಟ್ಟವರಾಗಲಿ ಎತ್ತಿಕೊಂಡವರಾಗಲಿ ಅದಕ್ಕೆ ಕಾಸು ಕೊಟ್ಟವರಲ್ಲ. ಪತ್ರಿಕೆಯ ಹೆಸರು ‘ಮೆಟ್ರೊ’.

ಈ ಯೋಚನೆ ಮೊಳೆತದ್ದು ಸ್ವೀಡನ್ನಿನಲ್ಲಿ. 1995ರ ಫೆಬ್ರುವರಿ 13ರಂದು ಸ್ಟಾಕ್‌ಹೋಮಿನ ಸುರಂಗ ರೈಲು ನಿಲ್ದಾಣಗಳಲ್ಲಿ ‘ಮೆಟ್ರೊ’ ಎಂಬ ಪುಕ್ಕಟೆ ದಿನಪತ್ರಿಕೆ ಕಾಣಿಸಿಕೊಂಡಿತು. ಖರ್ಚೆಲ್ಲ ಜಾಹೀರಾತಿನಿಂದಲೇ ಹುಟ್ಟಬೇಕು, ಸುದ್ದಿಗಳು ಇಪ್ಪತ್ತು ನಿಮಿಷದ ಪ್ರಯಾಣದೊಳಗೆ ಓದಿ ಮುಗಿಯುವಷ್ಟು ಚಿಕ್ಕವಾಗಿರಬೇಕು. ಮನೆಮನೆಗೆ ಹಾಕುವ ಹುಡುಗರಿಲ್ಲ, ಅಂಗಡಿಯವರಿಗೆ ಕೊಡುವ ಕಮಿಷನ್ ಇಲ್ಲ.

ಸ್ವೀಡನ್ನಿನವರು ಲಂಡನ್ನಿಗೂ ಕಾಲಿಡುವ ಮೊದಲೇ ‘ಡೈಲಿ ಮೇಲ್’ ಹೊರತರುವ ಅಸೋಸಿಯೇಟೆಡ್ ನ್ಯೂಸ್‌ಪೇಪರ್ಸ್ ಎಚ್ಚೆತ್ತುಕೊಂಡಿತು. 1999ರ ಮಾರ್ಚ್ 16ರಂದು ಅದು ತನ್ನದೇ ‘ಮೆಟ್ರೊ’ ತಂದಿತು. ಹೆಸರು ಒಂದೇ ಆದರೂ ಸ್ಟಾಕ್‌ಹೋಮಿನ ಪತ್ರಿಕೆಗೂ ಇದಕ್ಕೂ ಸಂಬಂಧವಿರಲಿಲ್ಲ. ಮೊದಲು ಹಂಚಿದ್ದು 85,000 ಪ್ರತಿ. ಕಂಪನಿಯ ನಿಜವಾದ ಬಲ ಟ್ಯೂಬ್ ನಿಲ್ದಾಣಗಳೊಳಗೆ ಪತ್ರಿಕೆಯ ಪೆಟ್ಟಿಗೆ ಇಡಲು ಅದೊಂದಕ್ಕೇ ಸಿಕ್ಕ ಹಕ್ಕು.

ಪುಕ್ಕಟೆ ಪತ್ರಿಕೆ ಎಂದರೆ ಮೂಗು ಮುರಿಯುವವರಿದ್ದಾರೆ. ಹೌದು, ದೀರ್ಘ ವಿಶ್ಲೇಷಣೆಗೆ ಇಲ್ಲಿ ಜಾಗವಿಲ್ಲ. ಆದರೆ ದೊಡ್ಡ ಪತ್ರಿಕೆಗಳು ಕಾಣದ ಒಂದನ್ನು ಇದು ಕಂಡಿತು: ಭುಜಕ್ಕೆ ಭುಜ ತಾಗಿಸಿ ನಿಂತರೂ ಒಬ್ಬರನ್ನೊಬ್ಬರು ಮಾತಾಡಿಸದ ಪ್ರಯಾಣಿಕರ ಲೋಕ. ‘ರಷ್ ಅವರ್ ಕ್ರಷ್’ ಅಂಕಣ ಅವರದೇ. ರೈಲಿನಲ್ಲಿ ಎದುರು ಕುಳಿತಿದ್ದ ಅಪರಿಚಿತರ ಬಗ್ಗೆ, ಹೆಸರು ಗೊತ್ತಿಲ್ಲದೆ, ಕೋಟಿನ ಬಣ್ಣವನ್ನೋ ಕೈಯಲ್ಲಿದ್ದ ಪುಸ್ತಕವನ್ನೋ ನೆನೆದು ಓದುಗರು ನಾಲ್ಕು ಸಾಲು ಬರೆದು ಕಳಿಸುತ್ತಾರೆ. ‘ಗುಡ್ ಡೀಡ್ ಫೀಡ್’ ಎಂಬ ಇನ್ನೊಂದು ಮೂಲೆ ಕೃತಜ್ಞತೆಗೆ ಮೀಸಲು. ತಲೆಸುತ್ತು ಬಂದಾಗ ಸೀಟು ಬಿಟ್ಟುಕೊಟ್ಟವರಿಗೆ, ಬಿದ್ದುಹೋದ ಪರ್ಸ್ ಮರಳಿಸಿದವರಿಗೆ ಧನ್ಯವಾದ ಹೇಳಲು ಬೇರೆ ವಿಳಾಸ ಎಲ್ಲಿದೆ? ನಗರವೊಂದು ತನ್ನ ದಿನಚರಿಯನ್ನು ತಾನೇ ಬರೆದುಕೊಂಡ ಪುಟಗಳಿವು, ಪತ್ರಿಕೋದ್ಯಮದ ಚರಿತ್ರೆಯಲ್ಲಿ ಇವಕ್ಕೆ ಮರ್ಯಾದೆಯ ಜಾಗ ಸಲ್ಲಬೇಕು.

ಬೆಳಗು ‘ಮೆಟ್ರೊ’ದ್ದಾಯಿತು, ಸಂಜೆ ಯಾರದು? 2005ರಲ್ಲಿ ವ್ಯಾಪಾರ ಸ್ಪರ್ಧೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆಯ ವಿಚಾರಣೆಯ ನಂತರ ಕಂಪನಿ ಮಧ್ಯಾಹ್ನದ ಹಂಚಿಕೆಯ ಏಕಸ್ವಾಮ್ಯ ಬಿಟ್ಟುಕೊಟ್ಟಿತು. ಮರುವರ್ಷ ಬೀದಿಯಲ್ಲೇ ಪೈಪೋಟಿ ಹತ್ತಿತು. 2006ರ ಆಗಸ್ಟ್ ಕೊನೆಗೆ ಅದೇ ಕಂಪನಿಯ ಪುಕ್ಕಟೆ ಸಂಜೆಪತ್ರಿಕೆ ‘ಲಂಡನ್ ಲೈಟ್’, ಸೆಪ್ಟೆಂಬರ್ ಮೊದಲ ವಾರ ರೂಪರ್ಟ್ ಮುರ್ಡೋಕರ ಬಳಗದ ‘ದಿ ಲಂಡನ್ ಪೇಪರ್’. ನಿಲ್ದಾಣದ ಬಾಗಿಲಲ್ಲಿ ಎರಡೂ ಕಡೆಯ ಹುಡುಗರು ನಿಂತು, ಮನೆಗೆ ಹೊರಟವರ ಕೈಗೆ ಪತ್ರಿಕೆ ಹಿಡಿಸುತ್ತಿದ್ದರು. ಸಂಜೆಯಾದರೆ ರಸ್ತೆ, ರೈಲು ತುಂಬ ಕಾಗದ. ಕಸ ಬಳಿಯುವ ಹೊರೆ ಬಿದ್ದ ವೆಸ್ಟ್‌ಮಿನ್‌ಸ್ಟರ್ ಸ್ಥಳೀಯ ಆಡಳಿತ ಎರಡೂ ಪ್ರಕಾಶಕರ ಮೇಲೆ ತಿರುಗಿಬಿತ್ತು. ಮೂರೇ ವರ್ಷ. 2009ರಲ್ಲಿ ಎರಡೂ ಬಾಗಿಲು ಹಾಕಿದವು.

ಅದೇ ವರ್ಷ ಅಕ್ಟೋಬರ್ 12ರಂದು, 1827ರಷ್ಟು ಹಿಂದೆ ಹುಟ್ಟಿದ ‘ಈವ್ನಿಂಗ್ ಸ್ಟ್ಯಾಂಡರ್ಡ್’ ತನ್ನ 50 ಪೆನ್ಸ್ ಬೆಲೆಯನ್ನು ಅಳಿಸಿಹಾಕಿ ಪುಕ್ಕಟೆಯಾಯಿತು. ಅಂಥ ಹಳೆಯ ಪತ್ರಿಕೆಯೂ ಈ ದಾರಿಗೆ ಬಂದದ್ದು ಸಣ್ಣ ಸಂಗತಿಯಲ್ಲ. 2018ರ ಹೊತ್ತಿಗೆ 14 ಲಕ್ಷಕ್ಕೂ ಹೆಚ್ಚು ಪ್ರತಿ ಹಂಚುತ್ತಿದ್ದ ‘ಮೆಟ್ರೊ’ ಮುದ್ರಿತ ಪ್ರತಿಗಳ ಲೆಕ್ಕದಲ್ಲಿ ‘ದಿ ಸನ್’ ಅನ್ನೂ ಹಿಂದಿಕ್ಕಿತು.

ಇದೆಲ್ಲ ನಿಂತಿದ್ದದ್ದು ಸುರಂಗದೊಳಗೆ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ ಎಂಬುದರ ಮೇಲೆ. 2012ರ ಒಲಿಂಪಿಕ್ಸ್ ವೇಳೆಗೆ ನಿಲ್ದಾಣಗಳಿಗೆ ವೈಫೈ ಬಂತು. 2020ರಲ್ಲಿ ಜುಬಿಲಿ ಮಾರ್ಗದ ಸುರಂಗದೊಳಗೇ 4ಜಿ ಇಳಿಯಿತು. ಅದೇ ವರ್ಷ ಕೋವಿಡ್ ರೈಲುಗಳನ್ನು ಬರಿದು ಮಾಡಿತು, ಆಮೇಲೂ ಬಹಳ ಮಂದಿ ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ ಮಾಡತೊಡಗಿದರು. ‘ಸ್ಟ್ಯಾಂಡರ್ಡ್’ 2024ರ ಸೆಪ್ಟೆಂಬರಿನಲ್ಲಿ ದಿನಪತ್ರಿಕೆಯಾಗಿ ಬರುವುದನ್ನು ನಿಲ್ಲಿಸಿ ವಾರಪತ್ರಿಕೆಯಾಯಿತು. ಕೊಟ್ಟ ಕಾರಣಗಳಲ್ಲಿ ಟ್ಯೂಬಿನ ವೈಫೈಯೂ ಇತ್ತು. ಸ್ಟಾಕ್‌ಹೋಮಿನ ಮೂಲ ‘ಮೆಟ್ರೊ’ದ ಮುದ್ರಣ 2019ರಲ್ಲೇ ನಿಂತುಹೋಗಿತ್ತು.

ಲಂಡನ್ನಿನ ‘ಮೆಟ್ರೊ’ ಮಾತ್ರ ಅದಾದ ಮೇಲೂ ಬೆಳಗಿನ ಪೆಟ್ಟಿಗೆಗಳಲ್ಲಿ ಉಳಿಯಿತು, ಅಪರಿಚಿತರಿಗೆ ಬರೆದ ಆ ನಾಲ್ಕು ಸಾಲುಗಳ ಸಮೇತ.